ರವೆ ತುಂಬಿದ ತೋಟಾ

ಆಟಿಸ್ ಪ್ರುಯೆಟ್ ತೀರಿಕೊಂಡ ಮರುವರ್ಷ ಅವನ ಹೆಂಡತಿ ಮಾರ್ವೆಲ್ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರಾಜಿಗಿಟ್ಟಳು. ನಮ್ಮ ಮೊಂಟಾನಾದ ಈ ಕಣಿವೆಯಲ್ಲಿ ಹರಾಜು ಅಂದರೆ ಅರ್ಧ ಊಟ, ಅರ್ಧ ಹರಟೆ. ಒಂದು ಕೈಯಲ್ಲಿ ಸೇಬಿನ ಪೈ ಹಿಡಿದು ಸತ್ತವನನ್ನು ಹೊಗಳುತ್ತಾರೆ, ಇನ್ನೊಂದು ಕೈ ಎತ್ತಿ ಅವನ ಸುತ್ತಿಗೆಗೆ ಬೆಲೆ ಕೂಗುತ್ತಾರೆ. ನಾನು ಹೋದದ್ದು ಜಾಮ್ ಬಾಟಲಿಗಳಿಗೆ. ನನ್ನ ಗಂಡ ವರ್ನ್ ಹೋದದ್ದು ಆಟಿಸ್‌ನ ಬೇಟೆ ರೈಫಲ್‌ಗೆ. ನನ್ನ ತಮ್ಮ ಐನಾರ್ ಬಂದದ್ದೂ ಅದೇ ರೈಫಲ್‌ಗೆ ಅಂತ ಗೊತ್ತಾದಾಗ ನಾನು ಪೈ ತಟ್ಟೆ ಕೆಳಗಿಟ್ಟೆ.

ಇವರಿಬ್ಬರು ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ಕಾರಣ ಒಂದು ಎಲ್ಕ್, ಕುದುರೆಯಷ್ಟು ಎತ್ತರದ ಗಂಡು ಜಿಂಕೆ. ಇಬ್ಬರೂ ಒಟ್ಟಿಗೇ ಗುಂಡು ಹಾರಿಸಿದರು, ಅದು ಬಿತ್ತು, ಮೈಮೇಲೆ ತೂತು ಮಾತ್ರ ಒಂದೇ ಇತ್ತು. ನಂದು ಅಂತ ಇವನು, ನಂದು ಅಂತ ಅವನು. ಕೊನೆಗೆ ಗರಗಸ ತಂದು ಕೊಂಬನ್ನೇ ಪಾಲು ಮಾಡಿಕೊಂಡರು. ಒಂದು ಕೊಂಬು ನಮ್ಮ ಬಾಗಿಲ ಪಕ್ಕದಲ್ಲಿದೆ, ವರ್ನ್ ಅದಕ್ಕೆ ಟೋಪಿ ಸಿಗಿಸುತ್ತಾನೆ. ಇನ್ನೊಂದು ಐನಾರ್‌ನ ಕೊಟ್ಟಿಗೆಯಲ್ಲಿದೆ, ಅವನು ಅದಕ್ಕೆ ನಾಯಿಯ ಹಗ್ಗ ನೇತುಹಾಕುತ್ತಾನೆ. ಅಂದಿನಿಂದ ನನ್ನ ತಮ್ಮ ನಮ್ಮ ಹೊಸ್ತಿಲು ದಾಟಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ ನಾನು ತಟ್ಟೆಗೆ ಬಟ್ಟೆ ಮುಚ್ಚಿಕೊಂಡು, ಜೈಲಿನಲ್ಲಿರುವವನಿಗೆ ಊಟ ಒಯ್ಯುವ ಹಾಗೆ, ಅವನ ಮನೆಗೆ ಹೋಗಬೇಕು. ಅಲ್ಲಿಂದ "ಅವನಿಗೆ ಹೇಳು" ಅನ್ನುವ ಒಂದು ಮಾತು ಹೊತ್ತು ಬರಬೇಕು, ಇಲ್ಲಿಂದ "ಅವನಿಗೆ ಹೇಳು" ಅನ್ನುವ ಇನ್ನೊಂದನ್ನು ಹೊತ್ತು ಹೋಗಬೇಕು. ಈ ಟಪಾಲು ಕೆಲಸ ಸಾಕುಸಾಕಾಗಿತ್ತು. ಇಬ್ಬರೂ ಒಂದೇ ಮೇಜಿಗೆ ಕೂತು ನಾನು ಮಾಡಿದ್ದನ್ನು ತಿನ್ನಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಹರಾಜಿನಲ್ಲಿ ಇಬ್ಬರೂ ಪೈಪೋಟಿಗೆ ಬಿದ್ದು ಬೆಲೆ ಕೂಗಿದರು. ರೈಫಲ್ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಟಿಸ್ ತಾನೇ ಕೆತ್ತಿದ ಆಕ್ರೋಟಿನ ಮರದ ಹಿಡಿ, ನಳಿಗೆಯ ಮೇಲೆ "ಆಟಿಸ್ 25" ಅಂತ ತನ್ನದೇ ಅಳತೆಯ ತೋಟಾಕ್ಕೆ ಇಟ್ಟು ತಾನೇ ಕೊರೆದ ಹೆಸರು. ಕೊನೆಗೆ ವರ್ನ್ ಗೆದ್ದ. ಐನಾರ್ ಪೈ ಕೂಡ ಮುಟ್ಟದೆ ಗಾಡಿ ಹತ್ತಿ ಹೋದ. ಬಾಟಲಿ ಪೆಟ್ಟಿಗೆಯ ಸರದಿ ಬಂದಾಗ ನನ್ನೆದುರು ಯಾರೂ ಕೈ ಎತ್ತಲಿಲ್ಲ.

ಮನೆಯಲ್ಲಿ ಬಾಟಲಿ ತೊಳೆಯುವಾಗ ಪೆಟ್ಟಿಗೆಯ ತಳದಲ್ಲಿ ಒಂದು ತಂಬಾಕಿನ ಡಬ್ಬಿ ಸಿಕ್ಕಿತು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಎರಡು ಉಕ್ಕಿನ ಅಚ್ಚು, ಎರಡರ ಮೇಲೂ ಆಟಿಸ್‌ನ ಹೆಸರು. ಬೇಟೆಗಾರರ ಮನೆಯಲ್ಲಿ ಹುಟ್ಟಿದವಳು ನಾನು, ಅದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ವರ್ನ್ ಪೇಟೆಯ ಕೋವಿ ಅಂಗಡಿಯಿಂದ ಸಪ್ಪೆ ಮುಖ ಹಾಕಿಕೊಂಡು ಬಂದ.

"ಏನಂದ ಅಂಗಡಿಯವ್ನು?"

"ನಕ್ಕ ಕಣೇ. ಈ ರೈಫಲ್ಲಿನ ತೋಟಾ ಭೂಮಿ ಮೇಲೆ ಯಾರೂ ಮಾರಲ್ವಂತೆ. ಆಟಿಸ್ ಬೇರೆ ತೋಟಾದ ಹಿತ್ತಾಳೆ ಕೊಳವೆ ತಗೊಂಡು, ಕತ್ತು ಹಿಸುಕಿ, ತನಗೆ ಬೇಕಾದ ಹಾಗೆ ಮಾಡ್ಕೋತಿದ್ನಂತೆ. ಅವನ ಅಚ್ಚಿಲ್ದೆ ಆಗಲ್ವಂತೆ. ಮಾರ್ವೆಲ್‌ನ ಕೇಳ್ದೆ, ಎಲ್ಲಾ ಹರಾಜಿಗೆ ಹೋಯ್ತಪ್ಪ ಅಂದ್ಲು."

ಒಳ್ಳೆಯ ಹೆಂಡತಿಯಾಗಿದ್ದರೆ ಅಲ್ಲೇ ಡಬ್ಬಿ ತಂದು ಕೈಗಿಡುತ್ತಿದ್ದಳು. ನಾನು ಡಬ್ಬಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಸೀದಾ ತಮ್ಮನ ಮನೆಗೆ ನಡೆದೆ.

"ಬಾಟಲಿ ಜೊತೆ ಬಂತು ಕಣೋ. ಬೇಕಾದ್ರೆ ಇಟ್ಕೋ."

ಐನಾರ್ ಬಟ್ಟೆ ಬಿಚ್ಚಿ ನೋಡಿದವನು ಕುರ್ಚಿಯಿಂದ ಎದ್ದೇ ಬಿಟ್ಟ. "ಇಂಗಾ! ಇದಿಲ್ದೆ ನಿನ್ ಗಂಡನ ರೈಫಲ್ ಬರೀ ದೊಣ್ಣೆ!"

"ಹೌದಾ? ನನಗೇನ್ ಗೊತ್ತಪ್ಪ."

"ಅವನಿಗೆ ಹೇಳು, ಬೇಕಾದ್ರೆ ಇಲ್ಲಿಗ್ ಬಂದು ಬಾಯ್ಬಿಟ್ಟು ಕೇಳ್ಬೇಕು ಅಂತ."

ಹೇಳಿದೆ. ವರ್ನ್‌ನ ಕಿವಿ ಕೆಂಪಾಯಿತು. "ಅವನಿಗೆ ಹೇಳು, ಈ ರೈಫಲ್ಲನ್ನ ಟೊಮ್ಯಾಟೊ ಗಿಡಕ್ಕೆ ಊರುಗೋಲು ಮಾಡ್ತೀನೇ ಹೊರತು ಅವನ ಮನೆ ಮೆಟ್ಲು ಹತ್ತಲ್ಲ."

ಬೆಟ್ಟದ ನೆತ್ತಿಗೆ ಹಿಮ ಬಿತ್ತು. ಬೇಟೆಯ ಕಾಲ ಹತ್ತಿರ ಬಂತು. ಜಪ್ಪಯ್ಯ ಅಂದರೂ ಇಬ್ಬರೂ ಜಗ್ಗಲಿಲ್ಲ. ನಾನೇ ಅತಿ ಬುದ್ಧಿವಂತಿಕೆ ಮಾಡಿ ಕೆಲಸ ಕೆಡಿಸಿದೆನೇನೋ ಅಂತ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆದರೆ ಐನಾರ್‌ನ ಕೈ ಸುಮ್ಮನಿರುವ ಕೈಯಲ್ಲ. ಅಚ್ಚು ಸಿಕ್ಕಿದ ಮೇಲೆ ಅವನು ಹಳೆಯ ಕೊಳವೆಗಳನ್ನು ಒತ್ತದೆ ಇರುತ್ತಾನೆಯೇ? ಒತ್ತಿದ. ಕೊಳವೆಯ ಕತ್ತು ಸಣ್ಣಗಾಯಿತು. ಅದರ ಹೊಟ್ಟೆ ಮಾತ್ರ ತುಂಬಲಿಲ್ಲ. ಅದನ್ನು ಯಾವ ಅಚ್ಚೂ ತುಂಬಿಸಲಾರದು. ಆಟಿಸ್‌ನ ರೈಫಲ್ಲಿನ ಒಳಗೇ ಇಟ್ಟು ಒಂದು ಸಲ ಸಿಡಿಸಬೇಕು, ಆಗ ಅದು ಉಬ್ಬಿ ಆ ರೈಫಲ್ಲಿನ ಅಳತೆಗೆ ಕೂರುತ್ತದೆ. ಅಚ್ಚಿದ್ದವನಿಗೆ ರೈಫಲ್ ಬೇಕು, ರೈಫಲ್ ಇದ್ದವನಿಗೆ ಅಚ್ಚು ಬೇಕು. ಇಷ್ಟು ಚೆಂದದ ಗಂಟು ನನಗೂ ಹೊಳೆದಿರಲಿಲ್ಲ.

ಒಂದು ಸಂಜೆ ಗೋಡೆಯ ಫೋನು ಬಡಿದುಕೊಂಡಿತು.

"ಇಂಗಾ, ಅವನಿಗೆ ಹೇಳು..."

"ನನ್ ಗಂಟಲು ಕಟ್ಟಿದೆ ಕಣೋ, ನೀನೇ ಹೇಳು," ಅಂದು ರಿಸೀವರನ್ನು ವರ್ನ್‌ನ ಕೈಗೆ ತುರುಕಿದೆ.

ವರ್ನ್ ಅದನ್ನು ಬಿಸಿ ಬಾಣಲೆ ಹಿಡಿದ ಹಾಗೆ ಹಿಡಿದುಕೊಂಡ. ನಾನು ಆಲೂಗಡ್ಡೆ ಸುಲಿಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ.

"ಹ್ಞೂ," ಅಂದ ವರ್ನ್.

ಆಮೇಲೆ "ಎಷ್ಟು ಒತ್ತಿದೀಯ?" ಅಂದ.

ಕೊನೆಗೆ, "ರವೆ ನಮ್ಮನೇಲೇ ಇದೆ, ನೀನ್ ಮದ್ದು ತಾ," ಅಂದ.

ಮರುದಿನ ಬೆಳಿಗ್ಗೆ ಗಂಜಿಗೆ ನೀರಿಟ್ಟು ನೋಡಿದರೆ ರವೆ ಡಬ್ಬಿಯೇ ಮಾಯ. ನಮ್ಮ ಕೊಟ್ಟಿಗೆಯ ಹಿಂದೆ ಐನಾರ್‌ನ ಗಾಡಿ ನಿಂತಿತ್ತು. ನಮ್ಮ ಕಡೆ ಕೊಳವೆ ಉಬ್ಬಿಸುವುದೇ ಹೀಗೆ. ಚಿಟಿಕೆ ಕೋವಿ ಮದ್ದು ಹಾಕಿ, ಗುಂಡಿನ ಬದಲು ರವೆ ತುಂಬಿ, ಬಾಯಿಗೆ ಮೇಣ ಮೆತ್ತಿ, ಆಕಾಶಕ್ಕೆ ಹಾರಿಸುವುದು.

"ಗಂಜಿಗೇನ್ ಮಾಡ್ಲಿ?" ಅಂತ ಕಿಟಕಿಯಿಂದ ಕೂಗಿದೆ.

"ಇವತ್ತು ಮೊಟ್ಟೆ ತಿನ್ನು!" ಅಂತ ಇಬ್ಬರೂ ಒಟ್ಟಿಗೇ ಕೂಗಿದರು.

ಢಂ ಅಂತು. ಬಿಳಿ ಪುಡಿ ಮೇಲೆದ್ದು ಇಬ್ಬರ ಟೋಪಿ, ಮೀಸೆಗಳ ಮೇಲೆಲ್ಲ ಇಳಿಯಿತು. ಹುರಿದ ರವೆಯ ವಾಸನೆ ಅಡುಗೆಮನೆಯವರೆಗೂ ಬಂತು. ವರ್ನ್ ಕೊಳವೆ ತೆಗೆದು ಬೆಳಕಿಗೆ ಹಿಡಿದ. ಐನಾರ್ ಬಗ್ಗಿ ನೋಡಿ, "ಥೇಟ್ ಆಟಿಸ್‌ನ ಹೊಟ್ಟೆ ಕಣೋ!" ಅಂದ. ಇಬ್ಬರೂ ಮೊಣಕಾಲು ಹಿಡಿದುಕೊಂಡು ನಕ್ಕರು. ನಾನು ಏಪ್ರನ್ನಿಗೆ ಮುಖ ಒತ್ತಿ ಅತ್ತುಬಿಟ್ಟೆ, ಆಮೇಲೆ ಮೂರು ತಟ್ಟೆ ಇಟ್ಟೆ.

ಐನಾರ್ ಹೊಸ್ತಿಲ ಹೊರಗೇ ನಿಂತ. ಬಾಗಿಲ ಪಕ್ಕದ ಒಂಟಿ ಕೊಂಬನ್ನೇ ನೋಡುತ್ತಿದ್ದ.

"ಚಳಿ ಒಳಗ್ ಬರ್ತಿದೆ," ಅಂದ ವರ್ನ್. "ಬಾಗ್ಲು ಹಾಕು."

"ಒಳಗಿಂದ್ಲಾ, ಹೊರಗಿಂದ್ಲಾ?"

"ಒಳಗಿಂದ ಹಾಕೋ, ಮುದಿಯ."

ಬೇಟೆಯ ಮೊದಲ ದಿನ ಇಬ್ಬರೂ ಒಂದೇ ರೈಫಲ್ ಹಿಡಿದು ಹೋದರು. ಸಂಜೆ ಗಾಡಿ ಅಂಗಳಕ್ಕೆ ಬರುವ ಮೊದಲೇ ಅವರ ಗಲಾಟೆ ಬಂತು.

"ಹೊಡೆದೋನು ನಾನು!"

"ನೀನ್ ಹೊಡೆದ ತೋಟಾ ಮಾಡಿದೋನ್ ಯಾರಯ್ಯ?"

"ರೈಫಲ್ ಯಾರ್ದು?"

"ಆ ರೈಫಲ್‌ಗೆ ನನ್ ತೋಟಾ ಇಲ್ದಿದ್ರೆ ಅದನ್ನ ಟೊಮ್ಯಾಟೊ ಗಿಡಕ್ಕೆ ಊರ್ಬೇಕಿತ್ತು!"

ಮೊದಲು ಗರಗಸವನ್ನು ಹಿಟ್ಟಿನ ಚೀಲದ ಹಿಂದೆ ಬಚ್ಚಿಟ್ಟೆ. ಆಮೇಲೆ ದೀಪ ಹಿಡಿದು ಹೊರಗೆ ಓಡಿದೆ. ಗಾಡಿಯ ಹಿಂದೆ ಎಲ್ಕ್ ಮಲಗಿತ್ತು, ಕೊಬ್ಬಿದ ಹೆಣ್ಣು. ಹೆಣ್ಣು ಎಲ್ಕಿಗೆ ಕೊಂಬೇ ಇರುವುದಿಲ್ಲ. ಕುಯ್ದು ಪಾಲು ಮಾಡಲು ಏನೂ ಇರಲಿಲ್ಲ. ನಾನು ಗಾಡಿ ಹಿಡಿದುಕೊಂಡು ನಕ್ಕೆ.

"ಏನೇ ಅಷ್ಟು ನಗು?" ಅಂದ ವರ್ನ್.

"ಏನಿಲ್ಲ. ಕೈ ತೊಳ್ಕೊಂಡ್ ಬನ್ನಿ."

ಈರುಳ್ಳಿಯ ಜೊತೆ ಎಲ್ಕಿನ ಈಲಿ ಹುರಿದು ಬಡಿಸಿದೆ. ಎದುರೆದುರು ಕೂತು ತಿಂದರು, ಬಾಯಲ್ಲಿ ತುತ್ತಿಟ್ಟುಕೊಂಡೇ ಜಗಳ ಮುಂದುವರಿಸಿದರು. ಕೊನೆಗೆ ಐನಾರ್ ಫೋರ್ಕನ್ನು ನನ್ನ ಕಡೆ ಚಾಚಿ, "ಇಂಗಾ, ಅವನಿಗೆ ಹೇಳು..." ಅಂದ.

"ಎದುರಿಗೇ ಕೂತಿದಾನಲ್ಲೋ," ಅಂದೆ. "ನೀನೇ ಹೇಳು."