ಹನ್ನೊಂದನೆಯ ಅಂಕಿ

ಸೀಮೆಸುಣ್ಣದ ಪುಡಿ ವಿಜೇತಾಳ ನೀಲಿ ಪಾವಡೆ ಮೇಲೆ ಉದುರ್ತಾ ಉಂಟು, ಈ ಹುಡುಗಿಗೆ ಅವಸರ ಅಂತ ಇಲ್ಲ, ಬೋರ್ಡಿನಲ್ಲಿ ನಾನು ಬಿಟ್ಟ ಜಾಗಕ್ಕೆ ಯಾವ ಅಂಕಿ ಹಾಕಿದರೆ ಸಂಖ್ಯೆ ಹನ್ನೊಂದರಿಂದ ಭಾಗ ಹೋಗ್ತದೆ, ಅಷ್ಟೇ ಪ್ರಶ್ನೆ, ಒಂದು ಬಿಟ್ಟು ಒಂದು ಅಂಕಿ ಕೂಡಿಸು, ಉಳಿದದ್ದನ್ನು ಬೇರೆ ಕೂಡಿಸು, ದೊಡ್ಡದರಿಂದ ಚಿಕ್ಕದನ್ನು ಕಳೆ, ಸೊನ್ನೆಯೋ ಹನ್ನೊಂದೋ ಇಪ್ಪತ್ತೆರಡೋ ಬರಬೇಕು — ಇಪ್ಪತ್ತಾರು ವರ್ಷದಿಂದ ಹೇಳಿದ್ದು ಇದನ್ನೇ, ಸತ್ತ ತಮ್ಮನ ಬೊಜ್ಜದ ಕ್ರಿಯೆ ಮುಗಿಸಿ ನಿನ್ನೆಯಷ್ಟೇ ಬಂದವಳು ನಾನು, ಬಾಯಿ ತನ್ನಷ್ಟಕ್ಕೆ ಹೇಳ್ತದೆ, ಆದರೆ ಇವಳು ಎಂತ ಮಾಡ್ತಾಳೆ, ಮೊದಲು ಕಳೆ ಮಾರಾಯ್ತಿ, ಇಲ್ಲ ಟೀಚರ್, ಖಾಲಿ ಜಾಗ ಈ ಚಿಕ್ಕ ಮೊತ್ತದ ಬದಿಯದ್ದಲ್ವಾ, ಮೊದಲೇ ಕಳೆದರೆ ಯಾವ ಬದಿಗೆ ಸೇರಿಸಬೇಕು ಅಂತ ಮರೆತುಹೋಗ್ತದೆ.

ಮರೆತುಹೋಗ್ತದೆ, ಹೌದು, 1836541620, ನನ್ನದೊಂದು ಅಂಕಿ, ತಮ್ಮ ಸುಕುಮಾರನದ್ದೊಂದು, ವಾರಕ್ಕೊಂದು ವಾಟ್ಸಾಪಿನಲ್ಲಿ, ಮೊದಲಿನ ಎರಡು ಅಂಕಿ ಎರಡರಿಂದ ಭಾಗ ಹೋಗಬೇಕು, ಮೂರು ಅಂಕಿ ಮೂರರಿಂದ, ನಾಲ್ಕು ನಾಲ್ಕರಿಂದ, ಹಾಗೇ ಉದ್ದಕ್ಕೆ, ಚಿಕ್ಕಂದಿನಲ್ಲಿ ಬಸ್ ಟಿಕೇಟಿನ ಹಿಂದೆ ಬರೆದು ಆಡಿದ ಆಟ, ಆಮೇಲೆ ಅವನು ಬಸ್ಸಿನಲ್ಲೇ ಕಂಡಕ್ಟರ್ ಆದ, ಅಮ್ಮ ಹೋದ ಮೇಲೆ ಮಾತೆತ್ತಿದರೆ ಜಗಳ, ನಮ್ಮೊಳಗೆ ಉಳಿದ ಮಾತುಕತೆ ಈ ಆಟ ಒಂದೇ, ಅದನ್ನೂ ನಾನೇ ಮುಗಿಸಿದೆ — ಹನ್ನೊಂದನೆಯ ಅಂಕಿ ನನ್ನ ಸರದಿ, ಒಂದು ಬದಿ ಹನ್ನೆರಡು, ಇನ್ನೊಂದು ಬದಿ ಇಪ್ಪತ್ತನಾಲ್ಕು, ಕಳೆದರೆ ಹನ್ನೆರಡು, ಇಪ್ಪತ್ತೆರಡು ಮಾಡಲಿಕ್ಕೆ ಹತ್ತು ಬೇಕು, ಹತ್ತು ಒಂದು ಅಂಕಿಯಾ, ಮುಗಿಯಿತು ಅಂತ ಬರೆದೆ. ಇಲ್ಲ ಅಕ್ಕ, ಉಂಟು, ಒಮ್ಮೆ ಪುನಃ ನೋಡು, ಅಂತ ಅವನು. ಪುನಃ ನೋಡಲಿಲ್ಲ, ನೋಡಬಹುದಿತ್ತು, ಎರಡು ನಿಮಿಷದ ಕೆಲಸ, ಹತ್ತನೇ ಕ್ಲಾಸು ಮುಗಿಸದವನು ನನಗೆ ಲೆಕ್ಕ ಕಲಿಸಲಿಕ್ಕೆ ಬರಬೇಡ ಅಂತ ಬರೆದೆ, ಬರೆದು ಫೋನು ಬ್ಯಾಗಿಗೆ ಹಾಕಿ ಅನ್ನ ಬಡಿಸಿಕೊಂಡೆ, ಹಸಿವೂ ಇತ್ತು ನನಗೆ. ಅವನು ಮತ್ತೆ ಬರೆಯಲಿಲ್ಲ. ಹತ್ತೊಂಬತ್ತು ದಿವಸ. ಪೈವಳಿಕೆ ಸ್ಟಾಪಿನಲ್ಲಿ ಜನ ಇಳಿಸಿ ಸೀಟಿನಲ್ಲಿ ಕೂತವನು ವಿಸಿಲ್ ಹಾಕಲಿಲ್ಲವಂತೆ, ಡ್ರೈವರ್ ತಿರುಗಿ ನೋಡಿದ್ದಂತೆ, ಉಸಿರು ಇರಲಿಲ್ಲವಂತೆ.

ವಿಜೇತಾಳ ಹಾಗೆ ಚಿಕ್ಕ ಬದಿಗೇ ಸೇರಿಸಿದರೆ ನಮ್ಮ ಸಂಖ್ಯೆಗೆ ಒಂದು. ಹನ್ನೆರಡಕ್ಕೆ ಒಂದು ಸೇರಿಸು, ಹದಿಮೂರು, ಇಪ್ಪತ್ತನಾಲ್ಕರಿಂದ ಹದಿಮೂರು ಕಳೆ, ಹನ್ನೊಂದು, ಇಷ್ಟು ಸುಲಭ, ಅವನೇ ಸರಿ, ನಾನು ತಪ್ಪು, ಟೀಚರ್ ಸರಿಯುಂಟಾ, ಸರಿ ಉಂಟಮ್ಮ, ಕೂತುಕೋ, ನೀನು ಹೇಳಿದ್ದೇ ಸರಿ, ಇದನ್ನು ಅವನಿಗೆ ಹೇಳಬೇಕಿತ್ತು, ಒಂದು ಸಲ, ಬಾಯಿ ಬಿಟ್ಟು. ಬೊಜ್ಜದ ದಿವಸ ಅವನ ಹೆಂಡತಿ ಹರಿಣಾಕ್ಷಿ ಅಡಿಗೆಕೋಣೆಯ ಕ್ಯಾಲೆಂಡರ್ ತೋರಿಸಿ, ಇವರು ಪೆನ್ಸಿಲಿನಲ್ಲಿ ಬರೆದದ್ದು ಅಕ್ಕ, ಯಾರದ್ದಾದರೂ ಫೋನ್ ನಂಬರಾ, ಅಂದಾಗ ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಗೊತ್ತಿಲ್ಲ ಅಂದೆ, ಸತ್ತರೂ ಹಠ ಬಿಡಲಿಲ್ಲ ನೋಡು ಅಂತ ಒಳಗೆ ಸಿಟ್ಟು, ಛೆ, ಹೆಣ ಹೋದ ಮನೆಯಲ್ಲಿ ನಿಂತು ಸಿಟ್ಟು ಮಾಡಿದವಳು ನಾನು. 1836541620 ಅಂತ ಬರೆದಿದ್ದ, ಆಮೇಲೆ ಒಂದು ಅಂಕಿ ಹಿಡಿಯುವಷ್ಟು ಜಾಗ, ಆಮೇಲೆ ಎರಡು ಅನ್ನುವ ಅಂಕಿ. ಆ ಎರಡು ಯಾಕೆ — ಜಾಗದಲ್ಲಿ ನನ್ನ ಒಂದು ಬಂದರೆ ಒಟ್ಟು ಹನ್ನೆರಡು ಅಂಕಿ, ಕೊನೆಗೆ ಹನ್ನೆರಡು, ನಾಲ್ಕರಿಂದ ಹೋಗ್ತದೆ, ಅಂಕಿ ಎಲ್ಲ ಕೂಡಿಸಿದರೆ ಮೂವತ್ತೊಂಬತ್ತು, ಮೂರರಿಂದ ಹೋಗ್ತದೆ, ಹನ್ನೆರಡರಿಂದ ಹೋಗ್ತದೆ, ಅದು ಅವನ ಸರದಿಯ ಅಂಕಿ, ನನ್ನದನ್ನು ಅವನು ಹಾಕಲಿಲ್ಲ, ಗೊತ್ತಿದ್ದೂ ಹಾಕಲಿಲ್ಲ, ಅಕ್ಕ ಹಾಕ್ತಾಳೆ ಅಂತ ಬಿಟ್ಟು ತನ್ನದನ್ನು ಬರೆದಿಟ್ಟ, ಸೊನ್ನೆ, ಬಿಟ್ಟ ಜಾಗ, ಎರಡು, ಮಕ್ಕಳು ನೋಡ್ತಾ ಇದ್ದಾರೆ, ಸೊನ್ನೆ, ಬಿಟ್ಟ ಜಾಗ, ಎರಡು, ಸೊನ್ನೆ, ಬಿಟ್ಟ ಜಾಗ