ಬದನೆ ಬುಡಕ್ಕೆ ಮರದ ಪುಡಿ

ಕೈನಡುಕ ಶುರುವಾಗಿ ಬಡಗಿ ಕೆಲಸ ಬಿಟ್ಟ ಮೇಲೆ ಮಾವ ಮನೆಯಲ್ಲಿ ಕೂತರೆ ಕುರ್ಚಿಗೇ ಬೇಜಾರು ಬರುವಂತಿತ್ತು. ಸರಿಯಾಗಿದ್ದ ಬಾಗಿಲನ್ನೇ ತೆರೆದು ಮುಚ್ಚಿ ನೋಡುವರು, ನೆಟ್ಟಗಿದ್ದ ಮೇಜಿನ ಕಾಲಿನಡಿ ಕಾಗದ ಮಡಚಿ ತುರುಕುವರು. ಊಟ ಅರ್ಧಕ್ಕೇ ಬಿಟ್ಟು ಏಳುವರು. ನೋಡಲಾರದೆ ಸೊಸೆ ಒಂದು ದಿನ ಕೇಳಿಯೇಬಿಟ್ಟಳು.

"ಮಾವ, ಬದನೆ ಸಾಲಲ್ಲಿ ಕಳೆ ನನ್ನ ತಲೆ ತಿಂತಿದೆ. ಒಂಚೂರು ಕೈ ಹಾಕ್ತೀರಾ?"

ಸುಳ್ಳೇನಲ್ಲ. ವಿಷ ಹೊಡೆಯದೆ ಬೆಳೆಯುವವಳಿಗೆ ಕಳೆಯೆಂದರೆ ಕರೆಯದೆ ಬಂದು ಹೊರಡಲೊಲ್ಲದ ನೆಂಟ. ಕಿತ್ತು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಮತ್ತೆ ಹಸಿರು.

ಮಾವ ತಮ್ಮದೇ ಉಪಾಯ ತಂದರು. ಗೆಳೆಯನ ಮರದ ಮಿಲ್ಲಿನಿಂದ ಚೀಲಗಟ್ಟಲೆ ಮರದ ಪುಡಿ ಹೊರಿಸಿಕೊಂಡು ಬಂದು ಸಾಲುಗಳ ನಡುವೆ ಹಾಸಿದರು. ಬೆಳಕು ಕಾಣದೆ ಕಳೆ ತೆಪ್ಪಗಾಯಿತು.

"ಜೀವಮಾನವಿಡೀ ಗುಡಿಸಿ ಎಸೆದೆನಲ್ಲಮ್ಮಾ ಇದನ್ನ!" ಎಂದು ಮಾವ ಹಣೆ ಚಚ್ಚಿಕೊಂಡರು. ಅಂದು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ಗಾಳಿ ಬೀಸಿತು. ಪುಡಿ ಹಾರತೊಡಗಿತು. ಬಡಗಿಯ ಕೈಗೆ ಯಾವುದನ್ನೂ ಸಡಿಲ ಬಿಟ್ಟು ಗೊತ್ತಿಲ್ಲ. ಸೊಸೆ ಸಂತೆಗೆ ಹೋಗಿದ್ದಾಗ ಮಾವ ಗುದ್ದಲಿ ಹಿಡಿದು ಅಷ್ಟನ್ನೂ ಗಿಡದ ಬುಡದ ಮಣ್ಣಿಗೆ ಕಲಸಿ, ತಟ್ಟಿ, ನುಣ್ಣಗೆ ಮಾಡಿಬಿಟ್ಟರು.

ಕೆಲವು ದಿನಕ್ಕೆ ಕೆಳಗಿನ ಎಲೆಗಳು ಹಳದಿಗಟ್ಟಿದವು, ಗಿಡ ನಿಂತಲ್ಲೇ ನಿಂತಿತು. ಬುಡ ಕೆದಕಿ ನೋಡಿದ ಸೊಸೆಗೆ ಅರ್ಥವಾಯಿತು. ಮೇಲೆ ಹೊದಿಕೆಯಾಗಿ ಬಿದ್ದಿದ್ದರೆ ಪುಡಿ ತನ್ನ ಪಾಡಿಗೆ ತಾನಿರುತ್ತದೆ. ಮಣ್ಣೊಳಗೆ ಸೇರಿದರೆ ಕೊಳೆಯುವುದಕ್ಕೆ ಅಲ್ಲಿನ ಸಾರವನ್ನೆಲ್ಲ ಎಳೆದುಕೊಳ್ಳುತ್ತದೆ. ಗಿಡದ ಬಾಯಿಗೆ ಏನೂ ಉಳಿಯುವುದಿಲ್ಲ.

"ಅಪ್ಪನಿಗೆ ಹೇಳ್ಬೇಡ," ಗಂಡ ಪಿಸುಗುಟ್ಟಿದ. "ಈಗ ತಾನೇ ಅವರ ಮುಖಕ್ಕೆ ಕಳೆ ಬಂದಿದೆ. ಬದನೆ ಹೋದ್ರೆ ಹೋಗ್ಲಿ."

"ಹೋಗ್ಲಿ ಅನ್ನೋಕೆ ನಿನಗೇನು, ಬೆನ್ನು ಬಿದ್ದು ಹೋಗಿರೋದು ನಂದು!" ಎಂದು ಸಿಡುಕಿದರೂ ಅವಳು ಒಪ್ಪಿದಳು. ಬದನೆ ಮುಂದಿನ ಸಲ ಬೆಳೆದೀತು. ಮಾವ ಒಮ್ಮೆ ಮೂಲೆ ಹಿಡಿದರೆ ಮತ್ತೆ ಏಳುವವರಲ್ಲ.

"ಎಲೆ ಯಾಕಮ್ಮಾ ಹೀಗೆ?" ಮಾವನೇ ಕೇಳಿದರು.

"ಬಿಸಿಲು ಮಾವ."

ಮಾವ ತಲೆಯೆತ್ತಿ ಮೋಡ ಕವಿದ ಆಕಾಶ ನೋಡಿದರು.

ಮರುದಿನ ಅವರು ಏಳುವ ಮೊದಲೇ ಅವಳು ಹೊಲಕ್ಕೆ ಹೋಗಿ ಬುಡ ಕೆದಕಿ ಪುಡಿ ತೆಗೆಯುತ್ತಿದ್ದಳು. ಕೆಮ್ಮು ಕೇಳಿ ತಿರುಗಿದರೆ ಬದುವಿನ ಮೇಲೆ ಮಾವ. ನೋಡಿದರು, ಹೊರಟುಹೋದರು. ಅವತ್ತು ಹೊಲದ ಕಡೆ ಮತ್ತೆ ತಲೆ ಹಾಕಲಿಲ್ಲ. ಅದರ ಮರುದಿನವೂ ಇಲ್ಲ.

ಅವಳೇ ಅವರ ಕೋಣೆಗೆ ಹೋದಳು. "ಏಳಿ ಮಾವ, ಹೊತ್ತಾಯ್ತು."

"ನಾನು ಬಂದು ಏನು ಮಾಡ್ಲಿ? ನಾನು ಮಾಡಿದ್ದನ್ನ ನೀನು ಕದ್ದು ಅಳಿಸ್ತೀಯ, ಮಗು ಗೋಡೆ ಮೇಲೆ ಗೀಚಿದ್ದನ್ನ ಒರೆಸೋ ಹಾಗೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹತ್ರ ಕೆಲಸ ಕಲಿಯೋರು ಕೀಲು ಸೊಟ್ಟ ಕೂರಿಸಿದ್ರೆ ಕಿವಿ ಹಿಂಡಿ ಬಿಚ್ಚಿಸ್ತಿದ್ದೆ. ಬೈಸಿಕೊಳ್ಳದೇ ಇದ್ದವನು ಒಬ್ಬನೇ, ನಿಮ್ಮತ್ತೆಯ ತಮ್ಮ. ಅವನನ್ನ ನಾನು ಕೆಲಸಗಾರ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ."

ಸೊಸೆ ಬಾಗಿಲಲ್ಲೇ ನಿಂತಳು. ಸೊಂಟಕ್ಕೆ ಕೈ ಕೊಟ್ಟಳು.

"ಯಾರು ಹೇಳಿದ್ರು ನಿಮಗೆ ಅದನ್ನ ಮಣ್ಣಿಗೆ ಕಲಸೋಕೆ? ಒಂದು ಮಾತು ಕೇಳೋಕೆ ಬಾಯಿ ಬಿದ್ದುಹೋಗಿತ್ತಾ? ಗಿಡ ಎಲ್ಲ ಹಸ್ಕೊಂಡು ನಿಂತಿವೆ ಅಲ್ಲಿ! ನಾನು ಮಕ್ಕಳ ಹಾಗೆ ನೋಡ್ಕೊಂಡಿದ್ದೆ..."

ಮಾವ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಕಾಲಿನಿಂದ ಚಪ್ಪಲಿ ಹುಡುಕುತ್ತ, "ಬಾಯಿ ಜೋರು ಕಣಮ್ಮ ನಿಂದು," ಎಂದರು. "ಈಗೇನು ಮಾಡ್ಬೇಕು ಹೇಳು."

"ಗಂಜಲಕ್ಕೆ ಬೇಕಾದಷ್ಟು ನೀರು ಬೆರೆಸಿ ಬುಡಕ್ಕೆ ಹಾಕ್ಬೇಕು. ಎಲ್ಲಾ ಗಿಡ ಬದುಕೋದಿಲ್ಲ. ಪುಡಿ ಇನ್ಮೇಲೆ ಮಣ್ಣಿನ ಮೇಲೆ ಮಾತ್ರ."

"ಕೈ ನಡುಗುತ್ತೆ. ಚೆಲ್ಲಿಬಿಡ್ತೀನಿ."

"ಚೆಲ್ಲಿದ್ರೂ ಹೊಲಕ್ಕೇ ತಾನೇ?"

ಮಾವ ಚೊಂಬು ಹಿಡಿದು ಸಾಲಿಗಿಳಿದರು. ಅರ್ಧ ಬುಡಕ್ಕೆ, ಅರ್ಧ ಪಾದಕ್ಕೆ ಬಿತ್ತು.

"ಅಲ್ಲಿ ಕಡಿಮೆ ಆಯ್ತು, ಮುಂದಕ್ಕೆ ಓಡ್ಬೇಡಿ!" ಪಕ್ಕದ ಸಾಲಿನಿಂದ ಸೊಸೆ ಗದರಿದಳು.

"ಆಯ್ತು ಯಜಮಾನ್ತಿ," ಎನ್ನುತ್ತ ಮಾವ ಬಿಟ್ಟುಬಂದ ಗಿಡಕ್ಕೆ ಹಿಂದಿರುಗಿದರು.