ಮಧ್ಯಾಹ್ನದ ಕುಜ

ನನ್ನ ಜಾತಕದಲ್ಲಿ ಕುಜದೋಷ ತಂದಿಟ್ಟವನು ಬ್ರಹ್ಮನಲ್ಲ, ನನ್ನ ತಮ್ಮ ಕಿಟ್ಟು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾಂದಿವಲಿ ಸ್ಟೇಷನ್ ಪಕ್ಕ ಅವನದೊಂದು ಗೂಡಿನಂಥ ಅಂಗಡಿ. ಹೊರಗೆ ‘ಕಂಪ್ಯೂಟರ್ ಜಾತಕ’ ಎಂಬ ಬೋರ್ಡು, ಒಳಗೆ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರು. ತೊಂಬತ್ತೊಂದರಲ್ಲಿ ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಅದು ಗ್ರಹಗಳ ಲೆಕ್ಕ ಹಾಕಿ ಮುಗಿಸುವವರೆಗೆ ಕಾಯುವ ತಾಳ್ಮೆ ಇವನಿಗಿಲ್ಲ. ಪ್ರೊಸೆಸರ್ ಎಷ್ಟು ವೇಗವಾಗಿ ಓಡಬೇಕೆಂದು ತಾಳ ಹಾಕುವ ಪುಟ್ಟ ತುಂಡೊಂದು ಕಂಪ್ಯೂಟರಿನೊಳಗಿನ ಬೋರ್ಡಿನ ಮೇಲಿರುತ್ತದೆ, ಕ್ರಿಸ್ಟಲ್ ಅಂತ. ಅದನ್ನು ಕಿತ್ತು, ಹನ್ನೆರಡು ಮೆಗಾಹರ್ಟ್ಸ್ ವೇಗದ ಪ್ರೊಸೆಸರನ್ನು ಹದಿನಾರಕ್ಕೆ ಓಡಿಸುವ ಇನ್ನೊಂದನ್ನು ಬೆಸುಗೆ ಹಾಕಿದ. ಓಡಿತು. ಓಡಿತಲ್ಲ, ಅವನಿಗೆ ಅಷ್ಟೇ ಸಾಕು.

ಆಗಲೇ ನನಗೆ ಗಂಡು ಗೊತ್ತಾಗುವುದರಲ್ಲಿತ್ತು. ನಾಣಿ, ಅಂಧೇರಿಯವನು, ಕಂಪ್ಯೂಟರ್ ಕಂಪನಿಯೊಂದರಲ್ಲಿ ಇಂಜಿನಿಯರ್. ಫೋರ್ಟ್ ಏರಿಯಾದಲ್ಲಿ ನನ್ನ ಆಫೀಸಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಒಂದೆರಡು ಸಲ ಕಾಫಿ ಕುಡಿದಿದ್ದೆವು. ಮಾತು ಕಡಿಮೆ, ಆದರೆ ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ನನಗೆ ಬಹಳ ಹಿಡಿಸಿದ್ದ, ಮುಚ್ಚಿಡುವುದೇನು. ಅವನ ತಾಯಿ ರಮಾಮಣಿಯವರಿಗೆ ಮಾತ್ರ ಅಪ್ಪ ಬರೆಸಿಟ್ಟಿದ್ದ ಕೈಬರಹದ ಜಾತಕ ಸಾಲದು, ಕಂಪ್ಯೂಟರಿನದೇ ಆಗಬೇಕು. ಕಿಟ್ಟು ಮಧ್ಯಾಹ್ನ ಪ್ರಿಂಟ್ ತೆಗೆದವನೇ ನಮಗೂ ತೋರಿಸದೆ ಕಳಿಸಿಬಿಟ್ಟ. ಕುಜ ಏಳನೇ ಮನೆಯಲ್ಲಿ, ದೋಷ, ಈ ಸಂಬಂಧ ಬೇಡ ಎಂದು ಅಂಧೇರಿಯಿಂದ ಫೋನ್ ಬಂತು.

ಅಪ್ಪ ಬರೆಸಿದ್ದರಲ್ಲಿ ಕುಜ ಮೂರನೇ ಮನೆಯಲ್ಲಿ ತೆಪ್ಪಗೆ ಕೂತಿದ್ದ. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಹೋಗಿ ನನ್ನ ಜಾತಕ ಇನ್ನೊಮ್ಮೆ ತೆಗೆಸಿದೆ. ಮೂರನೇ ಮನೆ. ಅಲ್ಲೇ ಕೂತೆ. ಊಟದ ಹೊತ್ತಿಗೆ ಅಂಗಡಿ ಒಲೆಯಾಗಿತ್ತು. ಮತ್ತೆ ತೆಗೆಸಿದೆ. ಏಳನೇ ಮನೆ! ಕಂಪ್ಯೂಟರಿನ ಡಬ್ಬಿ ಬಿಚ್ಚಿಸಿ ಪ್ರೊಸೆಸರ್ ಮೇಲೆ ಬೆರಳಿಟ್ಟರೆ ಚುರುಕ್ಕೆಂದಿತು.

“ಅಷ್ಟು ವೇಗಕ್ಕೆ ಓಡಿಸಿ ಬಿಸಿಯಾದ್ರೆ ಇದು ಲೆಕ್ಕ ತಪ್ಪುತ್ತೆ ಅಂತ ಗೊತ್ತಿರಲಿಲ್ವೇನೋ ನಿಂಗೆ?”

“ಅರೇ ಅಕ್ಕ, ಟೆನ್ಶನ್ ಯಾಕೆ? ಹ್ಯಾಂಗ್ ಆಗ್ಲಿಲ್ಲ, ಸುಟ್ಟೋಗ್ಲಿಲ್ಲ. ಏಕ್‌ದಮ್ ಫಾಸ್ಟ್ ಓಡ್ತಿದೆ.”

“ಸುಟ್ಟೋಗಿದ್ರೆ ಚೆನ್ನಾಗಿರ್ತಿತ್ತು ಕಣೋ! ಸುಟ್ಟಿದ್ದು ಕಣ್ಣಿಗೆ ಕಾಣುತ್ತೆ. ಇದು ಸುಳ್ಳನ್ನ ನೀಟಾಗಿ ಪ್ರಿಂಟ್ ಮಾಡಿ ಕೊಡ್ತಿದೆ. ಇನ್ನೆಷ್ಟು ಜನರ ಮದುವೆ ಮುರಿದಿದೀಯೋ!”

ಅವನ ತಲೆಯ ಮೇಲೆ ನಿಂತು ಹಳೆಯ ಕ್ರಿಸ್ಟಲನ್ನೇ ಮತ್ತೆ ಹಾಕಿಸಿದೆ. ಸಂಜೆಯವರೆಗೂ ಓಡಿಸಿದೆವು. ಎಷ್ಟು ಸಲ ತೆಗೆದರೂ ಕುಜ ಮೂರನೇ ಮನೆ ಬಿಟ್ಟು ಕದಲಲಿಲ್ಲ.

ಮರುದಿನ ಆಫೀಸು ಬಿಟ್ಟವಳೇ, ಅಪ್ಪ ಬೇಡವೆಂದರೂ, ಆ ಹಾಳೆಗಳನ್ನು ಹಿಡಿದು ಅಂಧೇರಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ರಮಾಮಣಿಯವರು ಹಾಳೆಯನ್ನು ಮುಟ್ಟಲೂ ಇಲ್ಲ.

“ನೋಡಮ್ಮ, ಕಂಪ್ಯೂಟರ್ ತಪ್ಪು ಮಾಡಲ್ಲ. ಅಂಗಡಿ ನಿನ್ನ ತಮ್ಮಂದು. ಮೊದಲು ಬಂದಿದ್ದೇ ನಿಜ. ಇದು ನಿಮಗೆ ಬೇಕಾದ ಹಾಗೆ ತೆಗೆಸ್ಕೊಂಡಿರೋದು.”

ನಾನು ನಾಣಿಯನ್ನು ನೋಡಿದೆ. ದಿನವಿಡೀ ಇಂಥ ಯಂತ್ರಗಳನ್ನೇ ಬಿಚ್ಚಿಕೊಂಡು ಕೂರುವವನು. ಅವನದೊಂದು ಮಾತು ಸಾಕಿತ್ತು. ಅವನು ಕಾಫಿ ಲೋಟದೊಳಗೆ ನೋಡುತ್ತ ಕೂತ.

ನಾನು ಮೆಟ್ಟಿಲಿಳಿಯುವಾಗ ಹಿಂದೆಯೇ ಓಡಿ ಬಂದ.

“ಶಾಮಲಾ, ನೀವು ಹೇಳಿದ್ದು ಸರಿ. ಕ್ರಿಸ್ಟಲ್ ಬದಲಾಯಿಸಿದ್ರೆ ಹಾಗಾಗುತ್ತೆ, ನಂಗೊತ್ತು. ಅಮ್ಮಂಗೆ ನಿಧಾನವಾಗಿ ಹೇಳ್ತೀನಿ.”

“ಈಗ ಮೇಲೆ ಕೂತಿದ್ದಾಗ್ಲೂ ಗೊತ್ತಿತ್ತಾ?”

ಹೌದೆಂದು ತಲೆಯಾಡಿಸಿದ.

“ನನ್ನ ತಮ್ಮನ ಮಿಷಿನ್ನು ಬಿಸಿಯಾದ್ರೆ ಸುಳ್ಳು ಹೇಳುತ್ತೆ, ತಣ್ಣಗಿದ್ರೆ ನಿಜ ಹೇಳುತ್ತೆ. ನೀವು ತಣ್ಣಗೇ ಕೂತಿದ್ರಲ್ಲ, ಯಾಕೆ ಬಾಯಿ ಬಿಡ್ಲಿಲ್ಲ?”

ಹಾಳೆಗಳನ್ನು ಅವನ ಕೈಗೇ ತುರುಕಿ, ಸ್ಟೇಷನ್ನಿಗೆ ನಡೆದು ಬೋರಿವಲಿ ಲೋಕಲ್ ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ, ಕಣ್ಣೊರೆಸಿಕೊಳ್ಳಲು ಕೈ ಎತ್ತಲಾಗಲಿಲ್ಲ. ಕಾಂದಿವಲಿಯಲ್ಲಿಳಿದು ಮನೆ ತಲುಪಿ, ಈ ಸಂಬಂಧ ಬೇಡವೆಂದು ಈ ಸಲ ನಾನೇ ಅಪ್ಪನಿಗೆ ಹೇಳಿದೆ.